ಅಪ್ಪ ಸಿಂಗಪುರದಲ್ಲಿ ಎಲೆಕ್ಷನ್ ಸಭೆಗೆ ಹೋದದ್ದು

ನನ್ನ ಅಪ್ಪನಿಗೆ ಸಿಂಗಪುರದ ಮೇಲೆ ಮೊದಲ ದಿನದಿಂದಲೇ ಅನುಮಾನ. ಏರ್‌ಪೋರ್ಟಿನಿಂದ ಬುಕಿತ್ ಬಾಟೋಕ್‌ನ ನಮ್ಮ ಬಾಡಿಗೆ ಫ್ಲ್ಯಾಟಿಗೆ ಟ್ಯಾಕ್ಸಿಯಲ್ಲಿ ಬರುವಾಗ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದವನು, ಅರ್ಧ ದಾರಿಯಲ್ಲಿ ನನ್ನ ಕಡೆ ಬಗ್ಗಿದ. ಡ್ರೈವರಿಗೆ ಕನ್ನಡ ಅರ್ಥವಾಗಿಬಿಡುತ್ತದೇನೋ ಎಂಬಂತೆ ದನಿ ತಗ್ಗಿಸಿ, "ಇಲ್ಲಿ ನಾಯಿಗಳೆಲ್ಲ ಎಲ್ಲೋದವವ್ವ? ಬೀದೀಲಿ ಒಂದೂ ಕಾಣ್ನಿಲ್ಲ. ಏನ್ ಮಾಡ್ತಾರೆ ಅವನ್ನ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಊರಲ್ಲಿದ್ದರೂ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಎಷ್ಟೋ ದಿನ ನಾನೂ ಬೀದಿಯಲ್ಲಿ ನಾಯಿ ಹುಡುಕುತ್ತ ಓಡಾಡಿದೆ.

ಅನುಮಾನ ನಮ್ಮ ವಂಶದ ಆಸ್ತಿ. ಹೊಲ ಗದ್ದೆ ಎಲ್ಲ ಅಣ್ಣನಿಗೆ ಹೋಯಿತು, ಇದು ಮಾತ್ರ ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ಅಂಗಡಿಯವನು ನಗುತ್ತ ಮಾತಾಡಿಸಿದರೆ ತೂಕ ಇನ್ನೊಮ್ಮೆ ನೋಡುವ ಜನ ನಾವು. ಹೀಗಿರುವವಳು ಹೋಗಿ ಹೋಗಿ ಸಿಂಗಪುರದಲ್ಲಿ ಒಂದು ಅರ್ಜಿ ಹಾಕಿ ಕಾಯುವಂತಾಯಿತಲ್ಲ, ಅದು ನನ್ನ ಹಣೆಬರಹ.

ಎರಡು ಸಾವಿರದ ಇಸವಿ ದಾಟಿ, ಆ ಊರು ದಿನಕ್ಕೊಂದು ಸುತ್ತು ಉಬ್ಬುತ್ತಿದ್ದ ಕಾಲ. ಎಲ್ಲಿ ನೋಡಿದರೂ ಕ್ರೇನು, ಎಲ್ಲಿ ನೋಡಿದರೂ ಹೊಸ ಕಾಂಡೋ, ಹಬ್ಬದ ಊಟಕ್ಕೆ ಸೇರಿದರೆ ಅರ್ಧ ಜನ ಗುರುತಿಲ್ಲದ ಹೊಸ ಕನ್ನಡದವರು. ನನ್ನ ಗಂಡ ಪಾಸಿರ್ ಪಂಜಾಂಗ್‌ನಲ್ಲಿ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಎಂಜಿನಿಯರ್. ಯಾವ ಕಂಟೇನರು ಹಡಗಿನ ಯಾವ ಮೂಲೆಯಲ್ಲಿ ಕೂರಬೇಕು ಎಂದು ಕಂಪ್ಯೂಟರಿನಲ್ಲಿ ಹೊಂದಿಸುವ ಕೆಲಸ. ಆ ಕಂಪನಿ ವರ್ಷದ ಕೊನೆಗೆ ಇವರ ಸೆಕ್ಷನ್ನನ್ನೇ ಬೇರೆ ದೇಶದ ಬಂದರಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಕೆಲಸ ಹೋದರೆ ಅದರ ಮೇಲೆ ಅಲ್ಲಿರಲು ಕೊಟ್ಟ ಪಾಸ್ ಹೋಯಿತು, ಪಾಸ್ ಹೋದರೆ ಗಂಟುಮೂಟೆ ಕಟ್ಟಬೇಕು. ಬೇರೆ ಕೆಲಸಗಳೇನೋ ಬೇಕಾದಷ್ಟಿದ್ದವು. ಆದರೆ ಇವರಿಗೆ ಹೊಂದುವ ಜಾಹೀರಾತುಗಳ ಕೊನೆಯಲ್ಲೆಲ್ಲ ಅದೇ ಒಂದು ಸಾಲು: ಇಲ್ಲಿನ ಪ್ರಜೆಗಳು ಮತ್ತು ಪಿಆರ್ ಇರುವವರು ಮಾತ್ರ. ಪಿಆರ್ ಅಂದರೆ ಅಲ್ಲೇ ಕಾಯಂ ಆಗಿ ನೆಲೆಸಲು ಸರ್ಕಾರ ಕೊಡುವ ಅನುಮತಿ. ನಾನು, ಗಂಡ, ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದ ಮಗಳು, ಮೂವರೂ ಅದಕ್ಕೆ ಅರ್ಜಿ ಹಾಕಿದ್ದೆವು. ಸಿಕ್ಕರೆ ಇರುವುದು, ಸಿಗದಿದ್ದರೆ ಹೊರಡುವುದು.

ಕಾಯುವ ಮನೆಯಲ್ಲಿ ಉಸಿರಾಟಕ್ಕೂ ಅರ್ಥ ಹುಟ್ಟಿಕೊಳ್ಳುತ್ತದೆ. ಟೀವಿ ಜೋರಾದರೆ ಇವರು ಓಡಿಬಂದು ತಗ್ಗಿಸುವರು. ಒಗ್ಗರಣೆ ಹಾಕುವಾಗ, "ಕಿಟಕಿ ಕ್ಲೋಸ್ ಮಾಡೇ, ಪಕ್ಕದವರು ಕಂಪ್ಲೇಂಟ್ ಮಾಡಿದ್ರೆ?" ಅನ್ನುವರು. ಒಗೆದ ಬಟ್ಟೆಯಿಂದ ಕೆಳಗಿನ ಮನೆಯ ಬಟ್ಟೆಯ ಮೇಲೆ ನೀರು ತೊಟ್ಟಿಕ್ಕಿದರೆ ಅದಕ್ಕೂ ನಮ್ಮ ಪಿಆರ್‌ಗೂ ಸಂಬಂಧ. ಯಾರು ನೋಡುತ್ತಿದ್ದಾರೆ, ಏನು ಬರೆದುಕೊಳ್ಳುತ್ತಿದ್ದಾರೆ ನಮಗೇನು ಗೊತ್ತು? ನಾನು ಮೇಲೆ ಮೇಲೆ ನಗುತ್ತಿದ್ದೆ, ಆದರೆ ಕಿಟಕಿ ಮುಚ್ಚುತ್ತಿದ್ದೆ.

ಇಂಥ ಹೊತ್ತಿಗೆ ಅಪ್ಪ ಬಂದಿದ್ದು. ಅಮ್ಮ ವಿಮಾನವೆಂದರೆ ಹೆದರಿ ಊರಲ್ಲೇ ಅಣ್ಣನ ಜೊತೆ ಉಳಿದಳು. ಅಪ್ಪನಿಗೂ ನನ್ನ ಗಂಡನಿಗೂ ಮಾತಿರಲಿಲ್ಲ. ಹಾಗಂತ ಜಗಳವೂ ಇಲ್ಲ. ಇವರನ್ನು ನಾನೇ ಆರಿಸಿಕೊಂಡದ್ದು, ಇವರು ನಮ್ಮ ಪೈಕಿಯಲ್ಲ, ಮೇಲಾಗಿ ಬೆಂಗಳೂರಿನವರು. ಅಪ್ಪ ಮದುವೆಗೆ ಬಂದ, ಧಾರೆ ಎರೆದ, ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅಳಿಯನನ್ನು ನೇರವಾಗಿ ಮಾತಾಡಿಸಿದ್ದನ್ನು ನಾನು ಕಂಡಿಲ್ಲ. ಎದುರಿಗೇ ಕೂತು ಉಣ್ಣುತ್ತಿದ್ದರೂ ನನ್ನ ಮುಖ ನೋಡಿ, "ನಿನ್ ಗಂಡ ಮೊಸ್ರು ಹಾಕ್ಕೊಂತಾನಾ ಕೇಳು" ಅನ್ನುವುದು. ಇವರೇನು ಕಡಿಮೆಯೇ? "ನಿಮ್ಮಪ್ಪನಿಗೆ ಫ್ಯಾನ್ ಜಾಸ್ತಿ ಮಾಡ್ಬೇಕಾ ಕೇಳು" ಅನ್ನುವುದು. ಮಧ್ಯದಲ್ಲಿ ನಾನೊಬ್ಬಳು ಟೆಲಿಫೋನ್ ಎಕ್ಸ್‌ಚೇಂಜು.

ಅಳಿಯನ ಕೆಲಸದ ಮೇಲೂ ಅಪ್ಪನಿಗೆ ಗುಮಾನಿ. ರಾತ್ರಿ ಪಾಳಿ ಮುಗಿಸಿ ಇವರು ಬೆಳಗ್ಗೆ ಬಂದು ಮಲಗಿದರೆ, ಅಪ್ಪ ಬಾಗಿಲ ಸಂದಿಯಿಂದ ಇಣುಕಿ ನೋಡಿ ಬಂದು ಹೇಳುತ್ತಿದ್ದ: "ಡಬ್ಬದೊಳ್ಗೆ ಏನೈತೆ ಅಂತ ಅವ್ನಿಗೇ ಗೊತ್ತಿಲ್ವಂತೆ. ಗೊತ್ತಿಲ್ದೆ ಇರೋದನ್ನ ಹಡ್ಗಿಗೆ ತುಂಬ್ತಾನಂತೆ. ಇದೂ ಒಂದು ಕೆಲ್ಸವಾ ಮಗಾ?"

ಬರ್ಡ್ ಪಾರ್ಕು, ಸೆಂತೋಸಾ, ದೇವಸ್ಥಾನಗಳು, ಎಲ್ಲ ಮುಗಿದವು. ಅಪ್ಪನಿಗೆ ಯಾವುದೂ ಹಿಡಿಸಲಿಲ್ಲ. ದಿನವೂ ಲಿಫ್ಟಿನಲ್ಲಿ ಇಳಿದು ನಮ್ಮ ಬ್ಲಾಕಿನ ಕೆಳಗೆ ಗೋಡೆಯಿಲ್ಲದ ವಾಯ್ಡ್ ಡೆಕ್‌ನಲ್ಲಿ, ಕಂಬಗಳ ನಡುವೆ ಗಾಳಿಗೆ ಕೂತು, ಚೀನೀ ಮುದುಕರು ಆಡುವ ಆಟ ನೋಡುತ್ತಿದ್ದ. ಅದರಲ್ಲೂ ಯಾರೋ ಮೋಸ ಮಾಡುತ್ತಿದ್ದಾರೆ ಎಂದು ವರದಿ ತರುತ್ತಿದ್ದ. ಒಂದು ಬೆಳಗ್ಗೆ ಮಾತ್ರ ಓಡೋಡಿ ಬಂದ. ಮುಖದಲ್ಲಿ ಊರಿನ ಕಳೆ ಬಂದಿತ್ತು.

"ಎಲೆಕ್ಸನ್ ಐತೆ ಕಣವ್ವ ಇಲ್ಲಿ! ದೀಪದ ಕಂಬಕ್ಕೆಲ್ಲ ಮುಖ ಕಟ್ಟವ್ರೆ!"

ಹಿಂದೆಯೇ ಅನುಮಾನವೂ ಬಂತು. "ಎಲ್ಲಾನೂ ಒಂದೇ ಎತ್ತರಕ್ಕೆ ಕಟ್ಟವ್ರೆ. ಒಂದನ್ನೂ ಹರ್ದಿಲ್ಲ. ಒಬ್ಬನ ಮುಖಕ್ಕೂ ಮೀಸೆ ಬರ್ದಿಲ್ಲ. ಇದೆಂಥಾ ಎಲೆಕ್ಸನ್ನು?"

ಮಂಡ್ಯದ ಕಡೆಯ ನಮ್ಮೂರಿನಲ್ಲಿ ಅಪ್ಪ ಯಾವ ಪಕ್ಷದವನೂ ಅಲ್ಲ, ಎಲ್ಲ ಪಕ್ಷದ ಸಭೆಗೂ ಹೋಗುವವನು. ಬಿಸಿಲಿರಲಿ, ಧೂಳಿರಲಿ, ಒಂದನ್ನೂ ತಪ್ಪಿಸಿದವನಲ್ಲ. ವೇದಿಕೆಯ ಮೇಲಿರುವವರ ಮುಖ ನೋಡಿದರೆ ಯಾರು ಗೆಲ್ಲುತ್ತಾರೆ, ಯಾರು ದುಡ್ಡು ನುಂಗಿದ್ದಾರೆ, ಯಾರು ನಾಳೆ ಪಕ್ಷ ಬಿಡುತ್ತಾರೆ, ಎಲ್ಲ ಗೊತ್ತಾಗುತ್ತದೆ ಎಂದು ಹೇಳುತ್ತಿದ್ದ. ನಾವು ಮಕ್ಕಳು ಅವನ ಹೆಗಲ ಮೇಲೆ ಕೂತು ಇಂಥ ಸಭೆಗಳನ್ನು ನೋಡಿದವರೇ. ಈಗ ಇಲ್ಲಿ ಒಂದು ಸಭೆ ನೋಡದೆ ಊರಿಗೆ ಹೋಗುವುದಿಲ್ಲ ಎಂದು ಕೂತ.

ಪಕ್ಕದ ಬ್ಲಾಕಿನಲ್ಲಿ ಒಬ್ಬ ಕನ್ನಡದ ಅಂಕಲ್ ಇದ್ದರು. ಮೈಸೂರಿನವರು, ಬ್ಯಾಂಕಿನಲ್ಲಿ ಕೆಲಸ, ಪಿಆರ್ ಸಿಕ್ಕಿ ಎಷ್ಟೋ ಕಾಲವಾಗಿತ್ತು. ನಮ್ಮಂಥವರಿಗೆಲ್ಲ ಬುದ್ಧಿ ಹೇಳುವವರು ಅವರೇ. ಲಿಫ್ಟಿನ ಹತ್ತಿರ ಸಿಕ್ಕಾಗ ಸುಮ್ಮನೆ ಕೇಳಿದೆ. ಅವರು ಆ ಕಡೆ ಈ ಕಡೆ ನೋಡಿದರು.

"ಎಲೆಕ್ಷನ್ ಮುಗಿಯೋವರೆಗೂ ತೆಪ್ಪಗೆ ಮನೇಲಿರಿ ಮಾ. ಅದರಲ್ಲೂ ಅಪೋಸಿಷನ್ ರ‍್ಯಾಲಿ ಕಡೆ ತಲೆ ಹಾಕಿ ಕೂಡ ಮಲಗ್ಬೇಡಿ. ಯಾರ್ಯಾರು ಬಂದಿದಾರೆ ಅಂತ ನೋಡೋಕೆ ಅಲ್ಲಿ ಬೇರೆ ಜನ ಬಂದಿರ್ತಾರಂತೆ. ಫೋಟೋ ಗೀಟೋ ತೆಗೀತಾರಂತೆ."

"ನೀವು ನೋಡಿದೀರಾ ಅಂಕಲ್?"

"ಅಯ್ಯೋ, ನಾನ್ಯಾಕೆ ಹೋಗ್ಲಿ!"

ಹೋಗದವರಿಗೇ ಅಲ್ಲಿ ನಡೆಯುವುದೆಲ್ಲ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದು ಹೇಳಿದರೆ ಇವರು ಕುರ್ಚಿಯಿಂದ ಎದ್ದೇ ನಿಂತರು. "ನಿಮ್ಮಪ್ಪನಿಗೆ ಹೇಳು, ಇದು ಮಂಡ್ಯ ಅಲ್ಲ. ನಮ್ಮ ಅಪ್ಲಿಕೇಶನ್ ಪ್ರೋಸೆಸ್ ಆಗ್ತಾ ಇದೆ. ಫಾರಿನರ್ಸ್ ಎಲೆಕ್ಷನ್‌ನಲ್ಲಿ ಇನ್ವಾಲ್ವ್ ಆಗೋ ಹಾಗಿಲ್ಲ."

"ನಿಂತ್ಕೊಂಡು ನೋಡಿದ್ರೆ ಇನ್ವಾಲ್ವ್ ಆದ ಹಾಗಾ?"

"ಅದನ್ನ ನಾವೇ ಟೆಸ್ಟ್ ಮಾಡಿ ನೋಡ್ಬೇಕಾ?"

ಅಲ್ಲೇ ಕೂತಿದ್ದ ಅಪ್ಪ ಗೋಡೆ ನೋಡುತ್ತ, "ಭಾಸ್ಣ ಕೇಳಿದ್ರೆ ಯಾರೂ ಕಿವಿ ಕಿತ್ಕಳಾಕಿಲ್ಲ ಅಂತ ಹೇಳವ್ವ ನಿನ್ ಗಂಡನಿಗೆ" ಅಂದ.

ಇವರು ಸಂಜೆ ಪಾಳಿಗೆ ಹೋದ ಒಂದು ದಿನ ಅಪ್ಪ ಬಿಳಿ ಜುಬ್ಬ, ಬಿಳಿ ಪಂಚೆ, ಹೆಗಲಿಗೆ ಟವೆಲ್ಲು, ಪೂರಾ ತಯಾರಾಗಿ ಬಾಗಿಲಲ್ಲಿ ನಿಂತ. ವಾಯ್ಡ್ ಡೆಕ್‌ನಲ್ಲಿ ಯಾರೋ ತಮಿಳಿನವರಿಂದ ಜಾಗ, ಹೊತ್ತು ಎಲ್ಲ ತಿಳಿದುಕೊಂಡಿದ್ದ. "ನೀನು ಬಂದ್ರೆ ಬಾ. ಇಲ್ದಿದ್ರೆ ನಾನೊಬ್ನೇ ಹೋಯ್ತೀನಿ." ಬಿಟ್ಟರೆ ಹೋಗುವವನೇ. ದಾರಿ ತಪ್ಪಿ ಪೊಲೀಸರ ಕೈಗೆ ಸಿಕ್ಕರೆ ಅದು ಇನ್ನೂ ದೊಡ್ಡ ರಾದ್ಧಾಂತ. ಮಗಳ ಕೈ ಹಿಡಿದುಕೊಂಡು, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಅವನ ಹಿಂದೆ ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ನಮ್ಮನ್ನು ಎರಡು ಸಲ ನೋಡಿದಳು. ನಾನು ಅವಳನ್ನು ಮೂರು ಸಲ ನೋಡಿದೆ.

ಫ್ಲ್ಯಾಟುಗಳ ನಡುವಿನ ಒಂದು ಖಾಲಿ ಮೈದಾನ. ಮಧ್ಯಾಹ್ನ ಮಳೆ ಬಂದು ಹುಲ್ಲೆಲ್ಲ ಕೆಸರಾಗಿತ್ತು. ಅಲ್ಲಲ್ಲಿ ಹಲಗೆ ಹಾಸಿದ್ದರು. ವಿರೋಧ ಪಕ್ಷದ ಸಭೆ. ಅಪ್ಪ ಎಲ್ಲಿ ಸಿಕ್ಕಿತೋ ಅಲ್ಲಿಗೆ ಹೊರಟಿದ್ದ, ಯಾವ ಪಕ್ಷ ಎಂದು ಕೇಳಿರಲೂ ಇಲ್ಲ. ಜನವೋ ಜನ. ಆಫೀಸಿನಿಂದ ಬ್ಯಾಗು ನೇತು ಹಾಕಿಕೊಂಡು ನೇರ ಬಂದವರು, ಮಗುವನ್ನು ಎತ್ತಿಕೊಂಡವರು, ಪ್ಲಾಸ್ಟಿಕ್ ಕವರಿನಲ್ಲಿ ಕಾಫಿ ಕಟ್ಟಿಸಿಕೊಂಡು ಸ್ಟ್ರಾನಲ್ಲಿ ಹೀರುತ್ತಿರುವವರು. ಸುತ್ತಲಿನ ಫ್ಲ್ಯಾಟುಗಳ ಉದ್ದನೆಯ ಕಾರಿಡಾರುಗಳಲ್ಲಿ ಎಲ್ಲ ಮಹಡಿಯಲ್ಲೂ ಜನ ಕಟಕಟೆಗೆ ಆತುಕೊಂಡು ನಿಂತಿದ್ದರು. ಕೆಳಗೆ ಬಾರದೆ, ಮನೆಯೊಳಗೂ ಹೋಗದೆ.

ಅಪ್ಪ ಮೈದಾನದ ಅಂಚಿನಲ್ಲಿ ನಿಂತು ಮೊದಲು ರಸ್ತೆಯ ಕಡೆ ನೋಡಿದ.

"ಲಾರಿಗಳೆಲ್ಲವ್ವ?"

"ಯಾವ ಲಾರಿ?"

"ಇಷ್ಟು ಜನಾನ ಕರ್ಕೊಂಡು ಬಂದಿರೋ ಲಾರಿ."

"ಯಾರೂ ಕರ್ಕೊಂಡು ಬಂದಿಲ್ಲ ಅಪ್ಪ, ಅವರೇ ಬಂದಿರೋದು."

"ಊಟದ ಪೊಟ್ಣ?"

"ಅದೂ ಇಲ್ಲ."

ಅಪ್ಪ ಗದ್ದ ತುರಿಸಿಕೊಂಡ. "ದುಡ್ಡು ಕೊಡ್ದೆ, ಊಟ ಹಾಕ್ದೆ, ಇಷ್ಟೊಂದು ಜನ ಬಂದವ್ರೆ ಅಂದ್ರೆ ಇದ್ರಾಗೆ ಏನೋ ಐತೆ." ಆಮೇಲೆ ಮೇಲಿನ ಕಾರಿಡಾರುಗಳನ್ನು ತೋರಿಸಿ, "ಅವ್ರೆಲ್ಲ ಯಾಕಂಗೆ ಮೇಲೇ ನಿಂತವ್ರೆ?" ಎಂದು ಕೇಳಿದ. ಕೆಸರಾಗುತ್ತದೆ ಅಂತಲೋ, ಇಲ್ಲಾ ನಮ್ಮ ಹಾಗೆಯೇ ಏನೋ ಎಂದುಕೊಂಡೋ, ನನಗೆ ಹೇಗೆ ಗೊತ್ತು? "ಸುಮ್ನೆ ನೋಡು ಅಪ್ಪ" ಅಂದೆ.

ಭಾಷಣ ಇಂಗ್ಲಿಷಿನಲ್ಲಿ ಒಂದಿಷ್ಟು, ಚೀನೀ ಭಾಷೆಯಲ್ಲಿ ಒಂದಿಷ್ಟು, ಮಲಯದಲ್ಲಿ, ತಮಿಳಿನಲ್ಲಿ ಹೀಗೆ ಸರದಿಯ ಮೇಲೆ ನಡೆಯುತ್ತಿತ್ತು. ಚೀನೀ ಭಾಷಣಕ್ಕೇ ಅಪ್ಪ ಹೆಚ್ಚು ತಲೆದೂಗಿದ. ಮಾತು ಗೊತ್ತಾಗದಿದ್ದಾಗಲೇ ಮನುಷ್ಯ ಸರಿಯಾಗಿ ಕಾಣುತ್ತಾನಂತೆ. ನನ್ನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ನಾನು ಜನರ ಕೈಗಳನ್ನು ನೋಡುತ್ತಿದ್ದೆ. ಯಾರ ಕೈಯಲ್ಲಿ ಕ್ಯಾಮೆರಾ ಇದೆ, ಯಾರ ಮೊಬೈಲು ನಮ್ಮ ಕಡೆ ತಿರುಗಿದೆ. ಅಷ್ಟು ದೊಡ್ಡ ಗುಂಪಿನಲ್ಲಿ ಪಂಚೆ ಉಟ್ಟವನು ನಮ್ಮಪ್ಪ ಒಬ್ಬನೇ. ದೂರದಿಂದಲೇ ಬೆಳ್ಳಗೆ ಹೊಳೆಯುತ್ತಿದ್ದ.

ಆಗ ಆ ಮನುಷ್ಯ ನನ್ನ ಕಣ್ಣಿಗೆ ಬಿದ್ದ. ಸ್ಪೀಕರಿನ ಪಕ್ಕದಲ್ಲಿ, ಕೈಕಟ್ಟಿಕೊಂಡು ಒಬ್ಬನೇ ನಿಂತಿದ್ದ. ನಡುವಯಸ್ಸಿನ ಚೀನೀಯ, ಇಸ್ತ್ರಿ ಮಾಡಿದ ತಿಳಿನೀಲಿ ಅರ್ಧ ತೋಳಿನ ಷರ್ಟು, ಕುತ್ತಿಗೆಯಲ್ಲಿ ಸಣ್ಣದೊಂದು ಕ್ಯಾಮೆರಾ. ಜನ ನಕ್ಕಾಗ ನಗಲಿಲ್ಲ, ಚಪ್ಪಾಳೆ ಹೊಡೆದಾಗ ಹೊಡೆಯಲಿಲ್ಲ. ವೇದಿಕೆಗೆ ಬೆನ್ನು ಹಾಕಿ ಜನರನ್ನೇ ನೋಡುತ್ತಿದ್ದ.  ಅಂಕಲ್ ಹೇಳಿದ್ದು ಇವನನ್ನೇ. ಇವನಲ್ಲದೆ ಇನ್ಯಾರು?

"ಅಪ್ಪ, ನಡಿ, ಹೋಗಣ" ಎಂದು ಜುಬ್ಬ ಹಿಡಿದು ಎಳೆದೆ. "ಅಲ್ಲಿ ನೋಡ್ಬೇಡ."

"ನಾನೂ ಆಗ್ಲಿಂದ ಅವ್ನನ್ನೇ ನೋಡ್ತಾ ಇವ್ನಿ" ಅಂದ ಅಪ್ಪ. "ಈ ಮೈದಾನದಾಗೆ ದೊಡ್ಡೋನು ಅಂದ್ರೆ ಅವ್ನೇ ಕಣವ್ವ. ಮೇಲೆ ಕೂಗಾಡ್ತಾವ್ರಲ್ಲ, ಅವ್ರಲ್ಲ."

ಅನ್ನುತ್ತ ಜುಬ್ಬದ ಜೇಬಿಗೆ ಕೈ ಹಾಕಿದವನು ಒಂದು ನಿಂಬೆಹಣ್ಣು ತೆಗೆದ. ನಮ್ಮ ಕಡೆ ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗುವುದಿಲ್ಲ, ಏನೂ ಇಲ್ಲದಿದ್ದರೂ ಕೈಗೊಂದು ನಿಂಬೆಹಣ್ಣು ಇಟ್ಟು ನಮಸ್ಕಾರ ಮಾಡುತ್ತಾರೆ. ಹಾಗಂತ ಬುಕಿತ್ ಬಾಟೋಕ್‌ನ ಮಾರ್ಕೆಟ್ಟಿನಿಂದ ಆರಿಸಿ ಕೊಂಡು ತಂದಿದ್ದಾನೆ, ನನಗೊಂದು ಮಾತು ಹೇಳದೆ! "ಅಪ್ಪ, ಬೇಡ, ದಮ್ಮಯ್ಯ" ಅಂದೆ. ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಹಲಗೆಯಿಂದ ಹಲಗೆಗೆ ಕಾಲಿಡುತ್ತ ಹೊರಟೇಬಿಟ್ಟ. ಮಗಳನ್ನು ಬಿಟ್ಟು ಹಿಂದೆ ಓಡುವಂತಿಲ್ಲ, ಕೂಗುವಂತಿಲ್ಲ. ಪಕ್ಷದ ಮುಖಂಡನೆಂದು ತಿಳಿದು ಯಾರ ಕೈಗೆ ಹೋಗಿ ಹಣ್ಣು ಕೊಡುತ್ತಿದ್ದಾನಪ್ಪಾ ದೇವರೇ ಎಂದು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಿಂತೆ.

ಅಪ್ಪ ಎರಡೂ ಕೈಯಲ್ಲಿ ಹಣ್ಣು ಕೊಟ್ಟು ಬಗ್ಗಿ ನಮಸ್ಕಾರ ಮಾಡಿದ. ಆ ಮನುಷ್ಯ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ಹಣ್ಣು ಇಸಕೊಂಡ. ಅಪ್ಪ ಮಾತಾಡತೊಡಗಿದ. ಒಂದೇ ಒಂದು ಶಬ್ದ ನನಗೆ ಕೇಳಿಸಲಿಲ್ಲ, ಸ್ಪೀಕರು ಹಾಗೆ ಅರಚುತ್ತಿತ್ತು. ಮಾತು ಮುಗಿಯಲೇ ಇಲ್ಲ. ಆ ಮನುಷ್ಯ ಕಿವಿ ಬಗ್ಗಿಸಿದ. ಅಪ್ಪ ನನ್ನ ಕಡೆ ಕೈ ತೋರಿಸಿದ. ಅವನು ನನ್ನನ್ನು ನೋಡಿದ, ಮಗಳನ್ನು ನೋಡಿದ, ತಲೆ ಆಡಿಸಿದ. ಆಮೇಲೆ ಕ್ಯಾಮೆರಾ ಎತ್ತಿದ. ನಮ್ಮಪ್ಪ ಟವೆಲ್ಲು ಸರಿ ಮಾಡಿಕೊಂಡು, ಎದೆ ಉಬ್ಬಿಸಿ, ಮದುವೆ ಫೋಟೋಕ್ಕೆ ನಿಲ್ಲುವ ಹಾಗೆ ನಿಂತುಕೊಟ್ಟ.

ಬಸ್‌ಸ್ಟಾಪಿನವರೆಗೂ ಹಿಂದೆ ತಿರುಗಿ ತಿರುಗಿ ನೋಡುತ್ತ ಬಂದೆ. "ಏನಂದೆ ಅವನಿಗೆ?" ಎಂದು ಕೇಳಿದೆ.

"ನಮಸ್ಕಾರ ಅಂದೆ."

"ಅಷ್ಟೊತ್ತು ನಮಸ್ಕಾರವಾ?"

"ದೊಡ್ಡೋರ ತಾವ ನಿಧಾನ್ಕೆ ಹೇಳ್ಬೇಕು ಕಣವ್ವ" ಅಂದ. ಕಣ್ಣು ತಪ್ಪಿಸಿದ. ಏನೋ ಮುಚ್ಚಿಡುತ್ತಿದ್ದಾನೆ ಎಂದು ಗೊತ್ತಾಯಿತು, ಆದರೆ ಅಪ್ಪನ ಬಾಯಿ ಬಿಡಿಸುವುದು ನನ್ನಿಂದ ಯಾವತ್ತೂ ಆಗಿಲ್ಲ.

ಇವರಿಗೆ ಹೇಳುವುದು ಬೇಡ ಎಂದು ನಾನು ತೀರ್ಮಾನಿಸಿದ್ದೆ. ಮಗಳಿಗೆ ಹೇಳಲು ಮರೆತಿದ್ದೆ. ಮಾರನೆಯ ದಿನ ಊಟಕ್ಕೆ ಕೂತಾಗ ಅವಳು ಅನ್ನ ಕಲಸುತ್ತ, ಸ್ಕೂಲಿನಲ್ಲಿ ಕಲಿತ ಆ ಊರಿನ 'ಲಾ' ಸೇರಿಸಿ, "ಅಪ್ಪಾ, ನಿನ್ನೆ ತಾತ ಒಂದು ಅಂಕಲ್‌ಗೆ ಲೆಮನ್ ಕೊಟ್ರು ಲಾ! ಅಂಕಲ್ ಫೋಟೋ ತೆಗೆದ್ರು ಲಾ! ಸೋ ಫನ್ನಿ!" ಅಂದಳು. ಇವರ ತುತ್ತು ಅರ್ಧದಲ್ಲೇ ನಿಂತಿತು. ಎಲ್ಲಿ, ಯಾವಾಗ, ಯಾವ ಪಕ್ಷ, ಒಂದೊಂದಾಗಿ ಬಿಡಿಸಿ ಕೇಳಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ನಿಮ್ಮಪ್ಪನಿಗೆ ಕೇಳು, ನಮ್ಮನ್ನ ಇಲ್ಲಿಂದ ಓಡಿಸೋಕಂತಾನೇ ಬಂದ್ರಾ ಅಂತ."

ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋಗಿ ಕಾರಿಡಾರಿನಲ್ಲಿ ನಿಂತ. ಅವನ ಬೆನ್ನು ನೋಡಿ ನನಗೆ ಇವರ ಮೇಲೆ ಎಲ್ಲಿಲ್ಲದ ಕೋಪ ಬಂತು, ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು.

ಆಮೇಲಿನ ದಿನಗಳು ದೇವರಿಗೇ ಪ್ರೀತಿ. ಸೊಳ್ಳೆ ಹುಟ್ಟಿದೆಯೇ ನೋಡುವವನು ಮನೆಗೆ ಬಂದು ಹೂಕುಂಡದಲ್ಲಿ ಟಾರ್ಚು ಬಿಟ್ಟ. ಹೋಗುವಾಗ, ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದ. ಸೊಳ್ಳೆಗೆ ಅದೇಕೆ ಬೇಕು? ಫೋನು ಬಡಿದುಕೊಂಡು ಎತ್ತಿದರೆ ನಿಲ್ಲುತ್ತಿತ್ತು. ಪಕ್ಕದ ಬ್ಲಾಕಿನ ಅಂಕಲ್ ಒಂದು ದಿನ ನಗುತ್ತ, "ಏನ್ ಮಾ, ರ‍್ಯಾಲಿ ಜೋರಾ?" ಅಂದರು. ಅಂಕಲ್‌ಗೆ ಹೇಗೆ ಗೊತ್ತಾಯಿತು? ಸ್ಕೂಲ್ ಬಸ್ಸಿನಲ್ಲಿ ನಮ್ಮ ಮಗಳು ಅವರ ಮಗಳಿಗೆ ಹೇಳಿದ್ದಳೋ, ಇಲ್ಲಾ ಮೈದಾನದ ಮೇಲಿನ ಯಾವುದೋ ಕಾರಿಡಾರಿನಲ್ಲಿ ಅವರೂ ಇದ್ದರೋ. ನಾನು ಕೇಳಲಿಲ್ಲ. ಅವರು ಕೊಟ್ಟು ಕಳಿಸಿದ ಹುಳಿಪುಡಿಯ ಡಬ್ಬಿ ವಾಪಸ್ ಮಾಡಿ ಬಂದೆ.

ಅಪ್ಪನ ವೀಸಾ ಮುಗಿಯಿತು. ಏರ್‌ಪೋರ್ಟಿನಲ್ಲಿ ಇವರೇ ಬ್ಯಾಗು ಎತ್ತಿ ಗಾಡಿಗೆ ಹಾಕಿದರು. ಅಪ್ಪ ಇವರ ಮುಂದೆಯೇ ನಿಂತು ನನಗೆ ಹೇಳಿದ, "ಬತ್ತೀನಿ ಅಂತ ಹೇಳು ನಿನ್ ಗಂಡನಿಗೆ." ಇವರು ಬೇರೆ ಕಡೆ ನೋಡುತ್ತಿದ್ದರು.

ಅದಾಗಿ ಕೆಲವು ತಿಂಗಳಿಗೆ ಉತ್ತರ ಬಂತು. ಪಿಆರ್ ಇಲ್ಲ. ಕಾರಣ ಹೇಳಿರಲಿಲ್ಲ. ಯಾರಿಗೂ ಹೇಳುವುದಿಲ್ಲವಂತೆ, ಅದು ಅಲ್ಲಿನ ಪದ್ಧತಿ. ಕಾರಣ ಕೊಟ್ಟಿದ್ದರೆ ಬೈದು, ಅತ್ತು, ಮುಗಿಸಿಬಿಡಬಹುದಿತ್ತು. ಈಗ ಏನನ್ನು ಬೇಕಾದರೂ ಅನುಮಾನಿಸಬಹುದು. ಇವರ ಸಂಬಳವೇ, ಮುಚ್ಚುತ್ತಿರುವ ಸೆಕ್ಷನ್ನೇ, ನಮ್ಮ ಅದೃಷ್ಟವೇ, ಆ ನೀಲಿ ಷರ್ಟಿನವನೇ? ಇವರು ಮಾತ್ರ ತೀರ್ಮಾನ ಮಾಡಿಯಾಗಿತ್ತು.

"ಎಲ್ರಿಗೂ ಸಿಗ್ತಾ ಇದೆ. ನಮಗೊಬ್ಬರಿಗೆ ಯಾಕಿಲ್ಲ, ಹೇಳು?"

"ಅಪ್ಪನಿಂದಲೇ ಅಂತ ನಿಮಗೆ ಗೊತ್ತಾ?"

"ಅಲ್ಲ ಅಂತ ನಿನಗೆ ಗೊತ್ತಾ?"

ಗೊತ್ತಿರಲಿಲ್ಲ. ಅದೇ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಹಾಲ್‌ನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಶುರುವಾಯಿತು. ಮಗಳು ನಮ್ಮ ಜೊತೆ ಮಾತು ಬಿಟ್ಟಳು. ನಾವಿಬ್ಬರೂ ಒಬ್ಬರಿಗೊಬ್ಬರು ಟೇಪು, ಕತ್ತರಿ ಎಂದಷ್ಟೇ ಮಾತಾಡುತ್ತಿದ್ದೆವು. ಅಪ್ಪನಿಗೆ ವಿಷಯ ತಿಳಿಸಿರಲಿಲ್ಲ. ಹೇಗೆ ಹೇಳುವುದು?

ಒಂದು ಭಾನುವಾರ ಅವನೇ ಊರಿಂದ ಮಿಸ್ಡ್ ಕಾಲ್ ಕೊಟ್ಟ. ಫೋನ್ ಕಾರ್ಡು ಹಾಕಿ ತಿರುಗಿ ಮಾಡಿದೆ. ನನ್ನ ಕೈಯೆಲ್ಲ ಚಪಾತಿ ಹಿಟ್ಟು, ಅದಕ್ಕೆ ಸ್ಪೀಕರಿಗೆ ಹಾಕಿದೆ. ಇವರು ಅಲ್ಲೇ ಪಾತ್ರೆಗಳಿಗೆ ಪೇಪರು ಸುತ್ತುತ್ತಿದ್ದರು.

"ನಿಮ್ ಕಾಯಂ ಕೆಲ್ಸ ಆಯ್ತೇನವ್ವ?" ಎಂದು ಕೇಳಿದ ಅಪ್ಪ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ. "ಆಗ್ಲೇಬೇಕು. ಅವತ್ತು ಮೈದಾನದಾಗೆ ಆ ದೊಡ್ಡ ಆಫೀಸರ್ಗೆ ಎಲ್ಲಾನೂ ಹೇಳಿ ಬಂದಿವ್ನಲ್ಲ."

"ಯಾವ ಆಫೀಸರ್ ಅಪ್ಪ? ಅವನು ಪಾರ್ಟಿಯವನು ಅಂದ್ಕೊಂಡಲ್ವಾ ನೀನು ಹಣ್ಣು ಕೊಟ್ಟಿದ್ದು?"

"ಥೂ, ಪಾರ್ಟಿಯೋನಾಗಿದ್ರೆ ಚಪ್ಪಾಳೆ ಹೊಡೀತಿರ್ನಿಲ್ವಾ? ಅವ್ನು ಸರ್ಕಾರದೋನು ಅಂತ ನೋಡಿದ ತಕ್ಷಣ ಗೊತ್ತಾಯ್ತು. ಅದ್ಕೇ ಹೋಗಿದ್ದು. ಕೆಲ್ಸ ಆಗೋದು ಇಂಥೋರಿಂದ್ಲೇಯ. ನಂಗೆ ಬರೋ ಇಂಗ್ಲೀಸ್ನಾಗೆ, ಒಸಿ ತಮಿಳು ಸೇರ್ಸಿ ಹೇಳ್ದೆ. ಸನ್ ಇನ್ ಲಾ, ವೆರಿ ಗುಡ್ ಬಾಯ್ ಅಂದೆ. ಹಗ್ಲು ರಾತ್ರಿ ದುಡೀತಾನೆ, ಕುಡಿಯಾಕಿಲ್ಲ, ಸೇದಾಕಿಲ್ಲ ಅಂದೆ. ನಾನು ಅವ್ನನ್ನ ನಂಬಿರ್ನಿಲ್ಲ, ಬಂದಾಗಿನಿಂದ ಕಣ್ಣಿಟ್ಟು ನೋಡಿವ್ನಿ, ಒಂದು ತಪ್ಪು ಸಿಗ್ನಿಲ್ಲ ಅಂದೆ. ನನ್ ಮಗ್ಳನ್ನ ರಾಣಿ ಹಂಗೆ ಇಟ್ಟವ್ನೆ, ಇಂಥೋನ್ನ ಕಳ್ಸಬ್ಯಾಡಿ ಸ್ವಾಮಿ ಅಂದೆ. ಅವ್ನ ಹೆಸ್ರು, ಬ್ಲಾಕ್ ನಂಬ್ರು ಎಲ್ಲಾ ಹೇಳ್ದೆ. ಫೋಟೋನೂ ಹಿಡ್ಕಂಡ."

ಪೇಪರು ಸುತ್ತುವ ಸದ್ದು ನಿಂತಿತ್ತು. ನಾನು ತಲೆ ಎತ್ತಲಿಲ್ಲ. ಹೆಸರು, ಬ್ಲಾಕ್ ನಂಬರು, ಎಲ್ಲ. ಇಷ್ಟು ದಿನ ಇವರು ಬರಿ ಅನುಮಾನ ಪಟ್ಟಿದ್ದರು, ಈಗ ಅಪ್ಪ ತನ್ನ ಬಾಯಿಂದಲೇ ಸಾಕ್ಷಿ ಹೇಳಿಬಿಟ್ಟ. ಇವರು ಎದ್ದು ಬಂದರು. ಮುಗಿಯಿತು, ಇವತ್ತು ಅಪ್ಪನಿಗೆ ಆಡಬಾರದ್ದನ್ನೆಲ್ಲ ಆಡುತ್ತಾರೆ ಎಂದು ಹಿಟ್ಟಿನ ಕೈಯಲ್ಲೇ ಫೋನು ಮುಚ್ಚಿಕೊಂಡೆ. ಇವರು ನನ್ನ ಬೆರಳು ಬಿಡಿಸಿ ಫೋನು ತೆಗೆದುಕೊಂಡರು.

"ಮಾವ" ಅಂದರು.  "ಆಯ್ತು ಮಾವ. ಪಿಆರ್ ಸಿಕ್ತು."

  ಆ ಕಡೆಯಿಂದ ಅಪ್ಪನ ದನಿ ಬಂತು, ನನಗಲ್ಲ, ನನ್ನ ಮೂಲಕವೂ ಅಲ್ಲ.

"ನಿಂದು ಊಟ ಆಯ್ತೇನಪ್ಪ?"

"ಆಯ್ತು ಮಾವ, ನಿಮ್ಮದು?" ಅಂದರು ಇವರು. ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟು ಏನೂ ತಿಂದಿರಲಿಲ್ಲ ಆ ಮನುಷ್ಯ. ಸ್ಪೀಕರು ಆರಿಸಿ ಫೋನು ಕಿವಿಗಿಟ್ಟುಕೊಂಡು, ಕಟ್ಟಿಟ್ಟ ಪೆಟ್ಟಿಗೆಯೊಂದರ ಮೇಲೆ ಕೂತರು. ನಾನು ಒಲೆಯ ಕಡೆ ತಿರುಗಿಕೊಂಡು ಅತ್ತೆ. ಹಿಂದಿನಿಂದ ಇವರ ಮಾತು ಕೇಳಿಸುತ್ತಲೇ ಇತ್ತು. ಹೌದು ಮಾವ, ಸ್ವಂತ ಮನೆ ನೋಡ್ತಾ ಇದೀವಿ, ಟೋವಾ ಪಾಯೋ ಕಡೆ. ಹೌದು, ಮಗಳ ಸ್ಕೂಲು ಇಲ್ಲೇ. ಮುಂದಿನ ಸಲ ಅತ್ತೆನೂ ಕರ್ಕೊಂಡು ಬನ್ನಿ, ನಾನೇ ರಜೆ ಹಾಕ್ತೀನಿ. ಇಲ್ಲದ ಮನೆಗೆ ಒಂದೊಂದು ಕೋಣೆ ಸೇರಿಸುತ್ತ, ಕಾರ್ಡಿನ ದುಡ್ಡು ಮುಗಿದು ಲೈನು ತಾನಾಗಿ ಕಟ್ಟಾಗುವವರೆಗೂ ಇಬ್ಬರೂ ಮಾತಾಡಿದರು.